ಆನ್‌ಲೈನ್ ಪಾಠ ಮಾಡುವವರಿಗೂ ಒಂದು ಸ್ಟಾಫ್ ರೂಮ್ ಬೇಕು

ಮಾನ್ಯ ಸಂಪಾದಕರೇ,

ಆನ್‌ಲೈನ್ ಪಾಠದ ಚರ್ಚೆ ಬಂದಾಗಲೆಲ್ಲ ನೆಟ್‌ವರ್ಕ್, ಮೊಬೈಲ್, ಮಕ್ಕಳ ಕಣ್ಣು, ಪೋಷಕರ ಚಿಂತೆ ಇವುಗಳ ಮಾತೇ ಜಾಸ್ತಿ. ಎಲ್ಲವೂ ಆಡಬೇಕಾದ ಮಾತೇ. ಆದರೆ ಪರದೆಯ ಈಚೆ ಕೂತು ಪಾಠ ಮಾಡುವವರು ಎಷ್ಟು ಒಂಟಿಯಾಗಿದ್ದಾರೆ ಅಂತ ಯಾರೂ ಕೇಳಿದ್ದು ಕಾಣೆ. ಗಣಿತ ಕಲಿಸುವ ನಾನು ಆ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಶಾಲೆಯಲ್ಲಾದರೆ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬರುತ್ತೇವೆ. ‘ಭಿನ್ನರಾಶಿ ಇವತ್ತೂ ತಲೆಗೆ ಹತ್ತಲಿಲ್ಲ ಕಣ್ರೀ’ ಅಂತ ಒಬ್ಬರು ಅಂದರೆ, ಪಕ್ಕದವರು ‘ನಾನು ಕಾಗದ ಮಡಚಿಸಿ ಹೇಳಿಕೊಟ್ಟೆ, ನೀವೂ ಮಾಡಿ ನೋಡಿ’ ಅನ್ನುತ್ತಾರೆ. ಎರಡು ನಿಮಿಷದ ಮಾತು. ಮರುದಿನದ ಪಾಠವೇ ಅದರಿಂದ ಬದಲಾಗುತ್ತದೆ. ಆನ್‌ಲೈನ್‌ನಲ್ಲಿ ‘ಲೀವ್’ ಒತ್ತಿದ ಕೂಡಲೇ ಕೋಣೆಯೆಲ್ಲ ಮೌನ. ಪಾಠ ಹೇಗಾಯಿತು ಅಂತ ಹೇಳಿಕೊಳ್ಳೋಣ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ.

2020ರ ಏಪ್ರಿಲ್‌ನಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲಾ ಕಾಲೇಜುಗಳು ಮುಚ್ಚಿದ್ದವು. ಯುನೆಸ್ಕೊ ಲೆಕ್ಕದಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ಆಗ ನಮಗೆ ಸಿಕ್ಕ ತರಬೇತಿಯೆಲ್ಲ ಬಟನ್‌ಗಳದ್ದು. ಮ್ಯೂಟ್ ಮಾಡೋದು ಹೇಗೆ, ಸ್ಕ್ರೀನ್ ಶೇರ್ ಮಾಡೋದು ಹೇಗೆ, ಹಾಜರಿ ಡೌನ್‌ಲೋಡ್ ಮಾಡೋದು ಹೇಗೆ. ಒಂದು ವಾರದಲ್ಲಿ ಎಲ್ಲ ಕೈಗೆ ಬಂತು. ಮುಖವೇ ಕಾಣದ ಮಗುವಿಗೆ ಪಾಠ ತಿಳಿಯಿತೋ ಇಲ್ಲವೋ ಅಂತ ಕಂಡುಕೊಳ್ಳುವುದನ್ನು ಮಾತ್ರ ಯಾವ ತರಬೇತಿಯೂ ಹೇಳಿಕೊಡಲಿಲ್ಲ.

ಒಂದು ಪಾಠ ಚೆನ್ನಾಗಿ ನೆನಪಿದೆ. ಭಿನ್ನರಾಶಿಗಳನ್ನು ಕೂಡುವುದು ಹೇಳಿಕೊಟ್ಟು ‘ಅರ್ಥ ಆಯ್ತಾ?’ ಅಂತ ಕೇಳಿದೆ. ಎಲ್ಲರ ಕ್ಯಾಮೆರಾ ಆಫ್. ಚಾಟ್‌ನಲ್ಲಿ ಒಬ್ಬ ‘ಯೆಸ್ ಮಿಸ್’ ಅಂತ ಹಾಕಿದ. ಅವನ ಹಿಂದೆಯೇ ಸಾಲು ಸಾಲಾಗಿ ‘ಯೆಸ್ ಮಿಸ್’ ಬಂದವು. ಸಮಾಧಾನದಿಂದ ಮುಂದಿನ ಪಾಠಕ್ಕೆ ಹೋದೆ. ಕಿರು ಪರೀಕ್ಷೆಯಲ್ಲಿ ನೋಡಿದರೆ ಅರ್ಧಕ್ಕರ್ಧ ಮಕ್ಕಳಿಗೆ ಏನೂ ಬಂದಿರಲಿಲ್ಲ.

ಬೇಜಾರಾಗಿ ಇದನ್ನು ದೂರದ ಊರಿನ ಒಬ್ಬ ಗಣಿತ ಶಿಕ್ಷಕರ ಹತ್ತಿರ ಹೇಳಿಕೊಂಡೆ. ಅವರ ಪರಿಚಯವಾಗಿದ್ದು ಇಂಟರ್ನೆಟ್‌ನಲ್ಲೇ. ಇವತ್ತಿಗೂ ಎದುರಾ ಎದುರು ಭೇಟಿಯಾಗಿಲ್ಲ. ಅವರು ಅಂದರು: ‘ಅರ್ಥ ಆಯ್ತಾ ಅಂತ ಕೇಳ್ಬೇಡಿ ಮೇಡಂ. ಒಂದು ಲೆಕ್ಕ ಕೊಡಿ. ಉತ್ತರ ಟೈಪ್ ಮಾಡಿಟ್ಕೊಳ್ಳಿ, ಸೆಂಡ್ ಒತ್ತಬೇಡಿ ಅನ್ನಿ. ನೀವು ಮೂರು ಎಣಿಸಿದ ಮೇಲೆ ಎಲ್ರೂ ಒಟ್ಟಿಗೆ ಒತ್ತಲಿ. ಆಗ ಒಬ್ಬರದ್ದು ನೋಡಿ ಇನ್ನೊಬ್ಬರು ಬರೆಯೋಕಾಗಲ್ಲ.’

ಮರುದಿನ ಹಾಗೇ ಮಾಡಿದೆ. 1/2 + 1/3 ಎಷ್ಟು? ಒಂದು, ಎರಡು, ಮೂರು. ಚಾಟ್ ತುಂಬ 2/5 ಬಂದು ಬಿತ್ತು. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಬಿಟ್ಟಿದ್ದರು. 5/6 ಅಂತ ಬರೆದವರು ಬೆರಳೆಣಿಕೆಯಷ್ಟು. ಸಂಜೆ ಮತ್ತೆ ಆ ಶಿಕ್ಷಕರಿಗೆ ಬರೆದೆ. ‘ತಪ್ಪು ಅಂತ ಹೇಳೋಕೆ ಹೋಗ್ಬೇಡಿ. 2/5 ಅನ್ನೋದು ಅರ್ಧಕ್ಕಿಂತ ಜಾಸ್ತಿನಾ ಕಡಿಮೆನಾ ಅಂತ ಕೇಳಿ ಸುಮ್ನೆ ಕಾಯಿರಿ’ ಅಂದರು. ಕೇಳಿದೆ, ಕಾದೆ. ಸ್ವಲ್ಪ ಹೊತ್ತು ಚಾಟ್ ಖಾಲಿ. ಆಮೇಲೆ ಒಬ್ಬಳು ತಾನಾಗಿಯೇ ಮೈಕ್ ಆನ್ ಮಾಡಿ, ‘ಮಿಸ್, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತೆ?’ ಅಂದಳು. ಎಷ್ಟೋ ದಿನಗಳಾದ ಮೇಲೆ ನನ್ನ ತರಗತಿಯಲ್ಲಿ ಒಂದು ಮಗುವಿನ ಪ್ರಶ್ನೆ ಕೇಳಿಬಂದಿತ್ತು.

ಆಮೇಲೆ ನಾನು ತೋರಿಸಿದ ಚಿತ್ರವೂ ನನ್ನದಲ್ಲ. ಒಂದು ಪಟ್ಟಿಯನ್ನು ಆರು ಭಾಗ ಮಾಡಿ, ಅರ್ಧಕ್ಕೆ ಮೂರು ಭಾಗ, ಮೂರನೇ ಒಂದಕ್ಕೆ ಎರಡು ಭಾಗ ಬಣ್ಣ ತುಂಬುವ ಹಾಗೆ ಯಾರೋ ಶಿಕ್ಷಕರು ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್‌ನಲ್ಲಿ ಮಾಡಿಟ್ಟಿದ್ದರು. ನಾನು ಸಂಖ್ಯೆ ಮಾತ್ರ ಬದಲಾಯಿಸಿಕೊಂಡೆ. ಈ ಜಿಯೋಜೀಬ್ರಾವನ್ನು ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ್ದು. ಅದರಲ್ಲಿ ಈಗ ಲೋಕದ ಎಲ್ಲೆಲ್ಲಿಯ ಶಿಕ್ಷಕರೋ ಮಾಡಿಟ್ಟ ಪಾಠಗಳು ಸಿಗುತ್ತವೆ.

ಶಿಕ್ಷಕರ ಗ್ರೂಪ್‌ಗಳು ಈಗಲೂ ಬೇಕಾದಷ್ಟಿವೆ ಅಲ್ವಾ ಅಂತ ಕೇಳುವವರಿದ್ದಾರೆ. ಇವೆ. ನಾನೂ ಐದಾರರಲ್ಲಿ ಇದ್ದೇನೆ. ನೂರಾರು ಜನ ಇರುವ ಆ ಗ್ರೂಪ್‌ಗಳಲ್ಲಿ ಬರುವುದು ಸುತ್ತೋಲೆ, ಕೊನೆಯ ದಿನಾಂಕ, ಶುಭಾಶಯ, ಫಾರ್ವರ್ಡ್. ಅಲ್ಲಿ ‘ನನ್ನ ಪಾಠ ಕೆಟ್ಟಿತು’ ಅಂತ ಬರೆಯಲು ಯಾರಿಗೂ ಧೈರ್ಯ ಬರುವುದಿಲ್ಲ, ಮೇಲಧಿಕಾರಿಗಳೂ ಅದರಲ್ಲೇ ಇರುತ್ತಾರೆ. ನನ್ನ ಕೈ ಹಿಡಿದದ್ದು ಎಂಟು ಜನರ ಒಂದು ಸಣ್ಣ ಗುಂಪು. ಎಲ್ಲರೂ ಅದೇ ವಿಷಯ, ಹೆಚ್ಚು ಕಡಿಮೆ ಅದೇ ತರಗತಿ. ಬರುವವರು ಒಂದು ಸೋತ ಪಾಠ ತರಬೇಕು, ಅಷ್ಟೇ ನಿಯಮ. ಒಬ್ಬರ ಸೋಲು ಕೇಳಿದ ಮೇಲೆ ಉಳಿದವರ ನಾಲಿಗೆಯೂ ಬಿಚ್ಚಿಕೊಳ್ಳುತ್ತದೆ.

ಇದೇನೂ ಹೊಸ ವಿಚಾರವಲ್ಲ. ಜಪಾನಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಶಿಕ್ಷಕರು ಕೂಡಿ ಒಂದು ಪಾಠ ತಯಾರು ಮಾಡುತ್ತಾರೆ. ಒಬ್ಬರು ಕಲಿಸುತ್ತಾರೆ, ಉಳಿದವರು ಕೂತು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಮಾತಾಡಿ ಪಾಠ ತಿದ್ದುತ್ತಾರೆ. ಊರು ಬೇರೆಯಾದರೂ ಇಂಟರ್ನೆಟ್‌ನಲ್ಲಿ ಇದನ್ನೇ ಮಾಡಬಹುದು. ನಾವು ಮಾಡಿದ್ದೇವೆ. ನಾನು ಕಲಿಸುವಾಗ ಇಬ್ಬರು ಬಂದು ಚಾಟ್ ಮಾತ್ರ ನೋಡುತ್ತಿದ್ದರು. ನನ್ನ ಕಣ್ಣಿಗೆ ಬೀಳದೆ ಹೋದ ಮೂರು ಪ್ರಶ್ನೆಗಳನ್ನು ಅವರು ಬರೆದಿಟ್ಟುಕೊಂಡಿದ್ದರು.

ಹಾಗಂತ ಎಲ್ಲವನ್ನೂ ಹಂಚಿಬಿಡುವುದೂ ಸರಿಯಲ್ಲ. ತರಗತಿಯ ಸ್ಕ್ರೀನ್‌ಶಾಟ್‌ನಲ್ಲಿ ಮಕ್ಕಳ ಮುಖ, ಹೆಸರು ಇರುತ್ತವೆ. ಅವನ್ನು ಮುಚ್ಚದೆ ಬೇರೆ ಶಿಕ್ಷಕರಿಗೂ ಕಳಿಸಬಾರದು. ಹಾಗೆಯೇ ಒಬ್ಬರು ರಾತ್ರಿಯೆಲ್ಲ ಕೂತು ಮಾಡಿದ ವರ್ಕ್‌ಶೀಟ್‌ನ ಹೆಸರು ಅಳಿಸಿ ಕಳಿಸುವ ಚಾಳಿ ನಿಲ್ಲಬೇಕು. ಮಾಡಿದವರು ಯಾರೆಂದು ಗೊತ್ತಿದ್ದರೆ ತಾನೇ ಅದರಲ್ಲಿನ ತಪ್ಪು ಹೇಳಲು, ಒಂದು ಥ್ಯಾಂಕ್ಸ್ ಹೇಳಲು ಆಗುವುದು? ಹೆಸರು ಉಳಿಸಿ ಯಾರು ಬೇಕಾದರೂ ಬಳಸಿ, ತಿದ್ದಿ ಅನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ 2002ರಿಂದಲೂ ಇದೆ. ದುಡ್ಡು ಕೊಡಬೇಕಿಲ್ಲ. ಹಾಳೆಯ ಕೆಳಗೆ ಒಂದು ಸಾಲು ಬರೆದರೆ ಆಯಿತು.

ಶಾಲೆ ನಡೆಸುವವರಲ್ಲಿ, ತರಬೇತಿಗಳನ್ನು ರೂಪಿಸುವವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಒಂದೇ ಕೇಳಿಕೆ. ಶಿಕ್ಷಕರು ತಮ್ಮದೇ ವಿಷಯದ ಬೇರೆ ಶಿಕ್ಷಕರ ಜೊತೆ ಆನ್‌ಲೈನ್‌ನಲ್ಲಿ ಕೂತು ಮಾತಾಡಲು ವಾರಕ್ಕೆ ಒಂದು ಪಿರಿಯಡ್ ಟೈಮ್‌ಟೇಬಲ್‌ನಲ್ಲೇ ಕೊಡಿ. ಅದನ್ನು ಕೆಲಸ ಅಂತಲೇ, ತರಬೇತಿ ಅಂತಲೇ ಲೆಕ್ಕಕ್ಕೆ ಹಿಡಿಯಿರಿ. ವರದಿ, ಫೋಟೊ ಕೇಳಬೇಡಿ. ಈಗ ನಮ್ಮ ಗುಂಪು ಸೇರುವುದು ರಾತ್ರಿ ಒಂಬತ್ತರ ಮೇಲೆ, ಮನೆಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ. ಕಳೆದ ತಿಂಗಳು ಇಬ್ಬರು ‘ಇನ್ನು ಆಗಲ್ಲ’ ಅಂತ ಬಿಟ್ಟರು. ಅವರಲ್ಲಿ ಒಬ್ಬರು, ಆ ‘ಮೂರು ಎಣಿಸಿ’ ಅಂತ ಹೇಳಿಕೊಟ್ಟವರು.

ಇಂತಿ,
ಒಬ್ಬ ಗಣಿತ ಶಿಕ್ಷಕಿ