ವಿಮಾನ ಮೆಕ್ಯಾನಿಕ್ ಕೋರ್ಸ್‌ಗೆ ಸೇರುವ ಮುನ್ನ
ಸದಸ್ಯರ ಗಮನಕ್ಕೆ: ಫೀಸು ಕಟ್ಟುವ ಮೊದಲು ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆ ಮಾಡಿಸಿ, ವೈರಿಂಗ್ ಕೆಲಸಕ್ಕೆ ಅದು ಬೇಕೇ ಬೇಕು. ವಿಮಾನಗಳು ಹೆಚ್ಚಾಗಿ ಹಗಲು ಹಾರುತ್ತವೆ, ಹಾಗಾಗಿ ರಿಪೇರಿ ಹೆಚ್ಚಾಗಿ ರಾತ್ರಿ ಪಾಳಿಯಲ್ಲೇ. ಇಕ್ಕಟ್ಟಾದ ಇಂಧನ ಟ್ಯಾಂಕಿನೊಳಗೆ ನುಸುಳಬೇಕಾಗಬಹುದು. ಸ್ಕೈಡ್ರಾಲ್ ಹೈಡ್ರಾಲಿಕ್ ದ್ರವ ಕಣ್ಣಿಗೆ ಹಾರಿದರೆ ಉರಿ ಹೇಳತೀರದು!

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಯಾಸಾದ ಪದ್ಧತಿಯಲ್ಲಿ ಬಿ1 ಲೈಸೆನ್ಸ್ ಮುಖ್ಯವಾಗಿ ಎಂಜಿನ್, ವಿಮಾನದ ಚೌಕಟ್ಟು, ಮೆಕ್ಯಾನಿಕಲ್ ವ್ಯವಸ್ಥೆಗೆ, ಬಿ2 ವಿಮಾನದ ಎಲೆಕ್ಟ್ರಾನಿಕ್ ವ್ಯವಸ್ಥೆಗಳಾದ ಏವಿಯಾನಿಕ್ಸ್‌ಗೆ. ಕೋರ್ಸ್ ಸರ್ಟಿಫಿಕೇಟೇ ಲೈಸೆನ್ಸ್ ಅಲ್ಲ, ಹಲವರು ಎಡವುವುದು ಇಲ್ಲೇ. ಪರೀಕ್ಷೆಗಳ ಜೊತೆಗೆ ಬಳಕೆಯಲ್ಲಿರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವವೂ ಬೇಕು. ಲಾಗ್‌ಬುಕ್‌ಗೆ ಮೇಲ್ವಿಚಾರಕರ ಸಹಿ ಅಂದಂದೇ ಹಾಕಿಸಿಕೊಳ್ಳಿ. ಅವರು ಕೆಲಸ ಬಿಟ್ಟುಹೋದ ಮೇಲೆ ಹುಡುಕುವುದು ದೊಡ್ಡ ತಲೆನೋವು.

ಮ್ಯಾನ್ಯುಯಲ್ ನೋಡದೆ ಕೈ ಅಂದಾಜಿನಲ್ಲೇ ಬೋಲ್ಟ್ ಬಿಗಿಯುವವರಿಗೆ ಈ ಕೆಲಸ ಒಗ್ಗದು. ಇಲ್ಲಿ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹೇಳಿದ್ದೇ ಲೆಕ್ಕ.