ಚಿಲ್ಲರ್ ಕಿಟ್‌ನ ಟ್ಯೂಬ್ ಮತ್ತು ಪಂಪ್ ಬದಲಾಗುತ್ತಿದೆ

ನಮ್ಮ ಗ್ರಾಹಕರಿಗೆ ನಮಸ್ಕಾರ.

ನಮ್ಮ ಕಂಪ್ಯೂಟರ್ ಚಿಲ್ಲರ್ ಕಿಟ್ ಫ್ರಿಜ್‌ನ ಹಾಗೆ ಕಂಪ್ರೆಸರ್‌ನಿಂದ ದ್ರವವನ್ನು ತಣ್ಣಗಾಗಿಸಿ, ಟ್ಯೂಬಿನಲ್ಲಿ ಹರಿಸಿ ಕಂಪ್ಯೂಟರನ್ನು ತಂಪಾಗಿಡುತ್ತದೆ. ಮುಂದಿನ ತಿಂಗಳಿಂದ ಅದರಲ್ಲಿ ಪಾರದರ್ಶಕ ಪಿವಿಸಿ ಟ್ಯೂಬ್ ಇರುವುದಿಲ್ಲ. ಅದರ ಜಾಗಕ್ಕೆ ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬ್ ಬರುತ್ತದೆ. ಪಂಪ್ ಕೂಡ ಬೇರೆ. ಬೆಲೆ 2,400 ರೂಪಾಯಿ ಜಾಸ್ತಿಯಾಗುತ್ತದೆ. ಇದನ್ನು ಪತ್ರದ ಕೊನೆಯಲ್ಲಿ ಮೆಲ್ಲಗೆ ಹೇಳುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆವು.

ಹುಬ್ಬಳ್ಳಿಯ ಗ್ರಾಹಕರೊಬ್ಬರು ಫೋನ್ ಮಾಡಿದ್ದರಿಂದ ಇದೆಲ್ಲ ಶುರುವಾಯಿತು. "ಸರ, ಪೈಪ್ ಒಡದೈತ್ರಿ" ಅಂದರು. ಸೋರುತ್ತಿದೆಯಾ ಎಂದು ಕೇಳಿದೆವು. "ಸೋರೂದಲ್ರೀ, ಒಡದೈತಿ!" ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಮಷಿನ್ ಆಫ್ ಮಾಡಿ, ಟ್ಯೂಬನ್ನು ಕೈಯಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದ್ದಾರೆ. ಒಳಗಿನ ದ್ರವ ಇನ್ನೂ ಮೈನಸ್ 18 ಡಿಗ್ರಿಯಲ್ಲಿತ್ತು. ಚಟ್ ಅಂತ ಮುರಿದಿದೆ. ಅವರು ಕಳಿಸಿದ ತುಂಡಿನ ಅಂಚು ಬಿಸಿಲಿಗೆ ಒಣಗಿ ಒಡೆದ ಪ್ಲಾಸ್ಟಿಕ್ ಬಕೆಟ್‌ನ ಹಾಗೇ ಇತ್ತು. ಪುಣ್ಯಕ್ಕೆ ಬೋರ್ಡ್ ಉಳಿಯಿತು.

ನಾವೂ ನೋಡೋಣ ಅಂತ ಪಕ್ಕದ ಐಸ್‌ಕ್ರೀಂ ಅಂಗಡಿಯವರ ಡೀಪ್ ಫ್ರೀಜರ್‌ನಲ್ಲಿ ಮೂರು ಬಗೆಯ ಟ್ಯೂಬ್ ತುಂಡುಗಳನ್ನು ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ಪಿವಿಸಿ ಕೋಲಿನ ಹಾಗೆ ಸೆಟೆದು ನಿಂತಿತ್ತು. ಬಗ್ಗಿಸಿದರೆ ಮಡಿಕೆಯಲ್ಲಿ ಬಿಳಿ ಗೆರೆ ಮೂಡಿತು. ಎರಡನೇ ಸಲ ಬಗ್ಗಿಸಿದಾಗ ಮುರಿಯಿತು. ಸಿಲಿಕೋನ್‌ಗೆ ಚಳಿ ಗೊತ್ತೇ ಆಗಿರಲಿಲ್ಲ, ಬೆಂದ ಶಾವಿಗೆಯ ಹಾಗೆ ತೂಗಾಡುತ್ತಿತ್ತು. ಇಪಿಡಿಎಂ ಸ್ವಲ್ಪ ಬಿಗಿಯಾಗಿತ್ತು, ಆದರೆ ಆರಾಮಾಗಿ ಬಾಗಿತು.

ಪಿವಿಸಿಯನ್ನು ಮೆತ್ತಗಿಡುವುದು ಅದರಲ್ಲಿ ಬೆರೆಸಿರುವ ಪ್ಲಾಸ್ಟಿಸೈಸರ್. ಚಳಿ ಏರಿದ ಹಾಗೆ ಅದರ ಆಟ ನಿಲ್ಲುತ್ತದೆ. ತಿಂಗಳುಗಳು ಕಳೆದಂತೆ ಅದು ದ್ರವಕ್ಕೂ ಇಳಿಯುತ್ತದೆ, ಟ್ಯೂಬ್ ಮಬ್ಬಾಗುತ್ತದೆ. ಹಾಗಾದರೆ ಸಿಲಿಕೋನ್ ಯಾಕೆ ಬೇಡ? ಅದು ತೀರಾ ಮೆದು, ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ಜೊತೆಗೆ ನೀರಿನ ಆವಿ ಅದರ ಗೋಡೆಯ ಮೂಲಕ ಸುಲಭವಾಗಿ ದಾಟುತ್ತದೆ. ಇಪಿಡಿಎಂ ನಮಗೆ ಹೊಸದೇನಲ್ಲ, ಕಾರಿನ ರೇಡಿಯೇಟರ್ ಹೋಸ್ ಇದೇ ರಬ್ಬರ್. ದ್ರವ ಹೆಪ್ಪುಗಟ್ಟದಿರಲಿ ಅಂತ ನೀರಿಗೆ ಬೆರೆಸುವ ಗ್ಲೈಕಾಲ್‌ಗೆ ಜಗ್ಗುವುದಿಲ್ಲ. ಎಣ್ಣೆ, ಗ್ರೀಸ್ ಮಾತ್ರ ಆಗಿಬರುವುದಿಲ್ಲ, ಉಬ್ಬಿಕೊಳ್ಳುತ್ತದೆ. ಫಿಟ್ಟಿಂಗ್‌ಗೆ ತೂರಿಸುವಾಗ ಸೋಪಿನ ನೀರು ಸಾಕು. ಚಳಿಗೆ ರಬ್ಬರ್ ಕುಗ್ಗಿದರೂ ಹಿಡಿತ ಬಿಡದ ಸ್ಪ್ರಿಂಗ್ ಕ್ಲ್ಯಾಂಪ್‌ಗಳನ್ನು ಕಿಟ್‌ನಲ್ಲೇ ಕೊಡುತ್ತೇವೆ.

ಒಳಗಿನ ಬಣ್ಣದ ದ್ರವ ಕಾಣುವುದಿಲ್ಲವಲ್ಲ ಅಂತ ಕೆಲವರಿಗೆ ಬೇಸರವಾಗಬಹುದು. ನಿಜ ಹೇಳಬೇಕೆಂದರೆ ಅದು ಮೊದಲೂ ಕಾಣುತ್ತಿರಲಿಲ್ಲ. ಜುಲೈನಲ್ಲಿ ಬೆಂಗಳೂರಿನ ಗಾಳಿ 24 ಡಿಗ್ರಿ, ತೇವಾಂಶ ಶೇ. 80 ಇದ್ದರೆ 20 ಡಿಗ್ರಿಗೇ ಟ್ಯೂಬ್ ಬೆವರುತ್ತದೆ. ಮೈನಸ್ 18ರಲ್ಲಿ ಹಿಮವೇ ಕೂರುತ್ತದೆ. ಅದಕ್ಕೇ ಎಸಿ ಮೆಕ್ಯಾನಿಕ್‌ಗಳು ಹಾಕುವ ಕಪ್ಪು ನೈಟ್ರೈಲ್ ಫೋಮ್ ಕೊಳವೆ ಇಡೀ ಟ್ಯೂಬಿಗೆ ಬೇಕೇ ಬೇಕು. ಫೋಮ್ ಒಳಗಿರುವ ಟ್ಯೂಬ್ ಪಾರದರ್ಶಕವಾದರೆಷ್ಟು, ಕಪ್ಪಾದರೆಷ್ಟು? ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ನಾವು ಅದನ್ನು ಆರಿಸಿದ್ದೆವು. ತಪ್ಪು ನಮ್ಮದೇ.

ಇನ್ನು ಪಂಪ್. ನಾವು ಕೊಡುತ್ತಿದ್ದ ಪ್ರೊಪಿಲೀನ್ ಗ್ಲೈಕಾಲ್ ಅರ್ಧ, ನೀರು ಅರ್ಧದ ಮಿಶ್ರಣ ಮೈನಸ್ 20ರಲ್ಲಿ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಪಾಕದ ಹಾಗೆ ಗಟ್ಟಿಯಾಗುತ್ತದೆ. ಚಿಕ್ಕ ಪಂಪ್ ಒದ್ದಾಡುತ್ತದೆ, ಹರಿವು ಬೀಳುತ್ತದೆ. ಈಗ ಎಥಿಲೀನ್ ಗ್ಲೈಕಾಲ್ ಮಿಶ್ರಣಕ್ಕೆ ಬಂದಿದ್ದೇವೆ. ಅದೂ ಆ ಚಳಿಯಲ್ಲಿ ಮನೆಯ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಗಟ್ಟಿ, ಆದರೂ ಹಳೆಯದಕ್ಕಿಂತ ಎಷ್ಟೋ ವಾಸಿ. ಇದು ವಿಷ, ರುಚಿ ಸಿಹಿ. ಮಕ್ಕಳು, ನಾಯಿಗಳಿಂದ ದೂರ ಇಡಿ. ನೀರು ಜಾಸ್ತಿ ಬೆರೆಸಬೇಡಿ. ದ್ರವ ಮೈನಸ್ 20 ತೋರಿಸುತ್ತಿದ್ದರೂ ಚಿಲ್ಲರ್ ಸುರುಳಿಯ ಮೈ ಅದಕ್ಕಿಂತ ತಣ್ಣಗಿರುತ್ತದೆ, ಐಸ್ ಮೊದಲು ಕಟ್ಟುವುದು ಅಲ್ಲೇ.

ಹೊಸದು ಕಂಪ್ಯೂಟರ್ ವಾಟರ್ ಕೂಲಿಂಗ್‌ಗೆ ಬಳಸುವ ಡಿ5 ಮಾದರಿಯ 12 ವೋಲ್ಟ್ ಪಂಪ್. ಮೇಲಿನ ಮುಚ್ಚಳ ಅಕ್ರಿಲಿಕ್ ಅಲ್ಲ, ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದನ್ನು ಟ್ಯಾಂಕಿನ ಕೆಳಗೆ, ದ್ರವ ತಾನಾಗಿ ಇಳಿದು ಬರುವ ಹಾಗೆ ಕೂರಿಸಿ. ಗಟ್ಟಿ ದ್ರವವನ್ನು ಕೆಳಗಿನಿಂದ ಎಳೆಯುವುದು ಈ ಪಂಪಿನ ಕೈಲಾಗದ ಕೆಲಸ. ಮೊದಲು ಪಂಪ್ ಆನ್ ಮಾಡಿ, ಆಮೇಲೆ ಕಂಪ್ರೆಸರ್. ಉಲ್ಟಾ ಮಾಡಿದರೆ ಪಂಪ್ ಏಳುವುದೇ ಇಲ್ಲ. ಒಣಗಿದ್ದಾಗ ಓಡಿಸಬೇಡಿ, ಬೇರಿಂಗ್‌ಗೆ ಆ ದ್ರವವೇ ಎಣ್ಣೆ.

ಮೈನಸ್ 40ಕ್ಕೆ ಹೋಗಬೇಕು ಅಂತ ಕೇಳುವವರಿದ್ದಾರೆ. ಅದಕ್ಕೆ ಮೆಥನಾಲ್ ಮಿಶ್ರಣ, ಗೇರ್ ಪಂಪ್ ಬೇಕಾಗುತ್ತದೆ. ಮೆಥನಾಲ್ ವಿಷ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಮಲಗುವ ಕೋಣೆಯಲ್ಲಿ ಅದನ್ನಿಡಿ ಅಂತ ಹೇಳಲು ನಮಗೆ ಮನಸ್ಸಿಲ್ಲ, ಮಾರುವುದೂ ಇಲ್ಲ. ನಮ್ಮ ಕಿಟ್ ಮೈನಸ್ 20ಕ್ಕೇ ನಿಲ್ಲುತ್ತದೆ.

ಹಳೆಯ ಕಿಟ್ ಇರುವವರಿಗೆ ಟ್ಯೂಬ್, ಕ್ಲ್ಯಾಂಪ್ ಉಚಿತ, ಕೊರಿಯರ್ ಖರ್ಚೂ ನಮ್ಮದೇ. ಬಿಲ್ ಕಳೆದಿದ್ದರೆ ಕಿಟ್‌ನ ಫೋಟೋ ಸಾಕು. ಪಂಪ್ ಬೇಕಿದ್ದವರಿಗೆ ನಮಗೆ ಬಿದ್ದ ದರಕ್ಕೇ ಕೊಡುತ್ತೇವೆ. ಹೊಸ ಟ್ಯೂಬ್ ಕೈಸೇರುವ ತನಕ ಮಷಿನ್ ತಣ್ಣಗಿರುವಾಗ ಟ್ಯೂಬ್ ಮುಟ್ಟಬೇಡಿ. ಆಫ್ ಮಾಡಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಕೈ ಹಾಕಿ.