ನಡುವಯಸ್ಸಿನ ಮನಃಶಾಸ್ತ್ರಜ್ಞರಿಗೂ ಫೆಲೋಶಿಪ್ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರದ ನೀತಿ ರೂಪಿಸುವ ಕೆಲಸಕ್ಕೆ ಕೈಹಾಕುವ ಅವಕಾಶ ನಮ್ಮಲ್ಲಿ ಜಾಸ್ತಿ ಸಿಗುವುದು ಆಗತಾನೇ ಓದು ಮುಗಿಸಿದವರಿಗೆ. ಸಂಸದರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಕೂಡ 25ರೊಳಗಿನವರಿಗೇ. ಅದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ಜಿಲ್ಲೆಯಲ್ಲೇ ಕೂತು ಜನರ ಕಷ್ಟ ಕೇಳಿದ ಮನಃಶಾಸ್ತ್ರಜ್ಞರ ಅನುಭವ ವಿಧಾನಸೌಧಕ್ಕೆ ಬೇಡವೇ? ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 1974ರಲ್ಲೇ ತನ್ನವರನ್ನು ಒಂದು ವರ್ಷದ ಮಟ್ಟಿಗೆ ಅಲ್ಲಿನ ಸಂಸತ್ತಿನ ಕೆಲಸಕ್ಕೆ ಕಳಿಸಲು ಶುರು ಮಾಡಿತು.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜರಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಆಪ್ತಸಮಾಲೋಚನೆ ಮಾಡುತ್ತಿದ್ದೆ. ವಯಸ್ಸಾದ ಬೆಳೆಗಾರರೊಬ್ಬರು ಮನೆ ಹೇಗೆ ಹೋಯಿತೆಂದು ಒಂದು ಮೇಜಿನಲ್ಲಿ ಹೇಳಿದರು. ಪಕ್ಕದ ಮೇಜಿನಲ್ಲಿ ಮತ್ತೆ ಮೊದಲಿಂದ ಹೇಳಿದರು. ಮೂರನೆಯ ಮೇಜಿಗೆ ಬಂದಾಗ ಅವರಿಗೆ ಮಾತೇ ಹೊರಡಲಿಲ್ಲ. ಆರ್‌ಟಿಸಿ, ಆಧಾರ್ ಎಲ್ಲ ಮಣ್ಣಿನಡಿ. ಬರೆದುಕೊಳ್ಳುತ್ತಿದ್ದ ಹುಡುಗನ ತಪ್ಪೇನೂ ಇಲ್ಲ, ಅವನಿಗೆ ಕೊಟ್ಟ ಫಾರಂ ಹಾಗಿತ್ತು. ಒಂದು ಸಲ ಬರೆದುಕೊಂಡು ಅದನ್ನೇ ಎಲ್ಲ ಕಡೆ ಕಳಿಸಿದ್ದರೆ ಸಾಕಿತ್ತು. ಈ ಮಾತನ್ನು ಫಾರಂ ತಯಾರಾಗುವ ಜಾಗದಲ್ಲೇ ಹೇಳುವವರು ಬೇಕು.

ಆಮೇಲೆ ಜಂಬೂರು, ಮದೆನಾಡಿನಲ್ಲಿ ಹೊಸ ಮನೆಗಳಾದವು. ಕಡತದ ಲೆಕ್ಕದಲ್ಲಿ ಪುನರ್ವಸತಿ ಅಲ್ಲಿಗೆ ಮುಗಿಯಿತು. ಜೂನ್ ಮಳೆ ಹಿಡಿದರೆ ರಾತ್ರಿಯಿಡೀ ಎದ್ದು ಕೂರುವವರು ಈಗಲೂ ನನ್ನಲ್ಲಿಗೆ ಬರುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರಾಜ್ಯ ಪ್ರಾಧಿಕಾರದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಜಾಗ ಇದೆ, ನಿಜ. ಆದರೆ ಸಭೆಗೆ ಬಂದು ಅಭಿಪ್ರಾಯ ಹೇಳುವುದು ಬೇರೆ, ಆದೇಶದ ಕರಡು ಬರೆಯುವಾಗ ಪಕ್ಕದಲ್ಲೇ ಕೂರುವುದು ಬೇರೆ.

ಹತ್ತು ವರ್ಷಕ್ಕಿಂತ ಹೆಚ್ಚು ಅನುಭವ ಇರುವವರನ್ನು ಆರೋಗ್ಯ ಮತ್ತು ಕಂದಾಯ ಇಲಾಖೆಗಳು ಒಂದು ವರ್ಷ ಕರೆಸಿಕೊಳ್ಳಲಿ. ಸರ್ಕಾರಿ ನೌಕರರಾದರೆ ನಿಯೋಜನೆ ಮೇಲೆ, ಸಂಬಳಕ್ಕೂ ಸೀನಿಯಾರಿಟಿಗೂ ಧಕ್ಕೆ ಬಾರದಂತೆ. ಖಾಸಗಿಯವರಾದರೆ ಗೌರವಧನ ಸರಿಯಾಗಿರಲಿ. ಮನೆ ಸಾಲದ ಕಂತು, ಮಕ್ಕಳ ಫೀಸು ಎಲ್ಲ ಇರುವ ವಯಸ್ಸು ಇದು. ಹುಡುಗರಿಗೆ ಕೊಡುವ ಸ್ಟೈಪೆಂಡ್‌ನಲ್ಲಿ ಬೆಂಗಳೂರಲ್ಲಿ ಸಂಸಾರ ನಡೆಯಲ್ಲ ಅಲ್ವಾ? ಹೋದವರ ಜಾಗಕ್ಕೆ ಇಲ್ಲಿ ಇನ್ನೊಬ್ಬರು ಬಂದ ಮೇಲೆಯೇ ಅವರನ್ನು ಬಿಡಬೇಕು. ಕೊಡಗಿನಂಥ ಕಡೆ ಒಬ್ಬರು ಹೋದರೂ ಎಷ್ಟೋ ಜನ ನಡುನೀರಿನಲ್ಲಿ ನಿಲ್ಲುತ್ತಾರೆ.

ಮಡಿಕೇರಿ ಮತ್ತು ವಿರಾಜಪೇಟೆಯ ಶಾಸಕರಿಬ್ಬರೂ ಮುಂದಿನ ಅಧಿವೇಶನದಲ್ಲಿ ಈ ಬೇಡಿಕೆ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.

— ಒಬ್ಬ ಮನಃಶಾಸ್ತ್ರಜ್ಞೆ, ಮಡಿಕೇರಿ